ಪಂದ್ಯದ ದಿನ ರಸ್ತೆ ಬಂದ್: ಸೈರನ್ ಇಲ್ಲದ ಗಾಡಿಗೆ ದಾರಿ ಯಾವುದು?

ಗೇಟ್‌ಪಕ್ಕದಮನೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಿಂದ ದೊಡ್ಡ ಕ್ರೀಡಾಂಗಣವೊಂದಕ್ಕೆ ಆರೇಳು ನಿಮಿಷದ ನಡಿಗೆ. ಪಂದ್ಯಕ್ಕೆ ನಾಲ್ಕು ಗಂಟೆ ಮುಂಚೆ ಸುತ್ತಲಿನ ಬೀದಿಗಳಿಗೆ ಬ್ಯಾರಿಕೇಡ್ ಬೀಳುತ್ತದೆ. ಆಟ ಮುಗಿದು ಎರಡು ಗಂಟೆ ಆದ ಮೇಲೆ ತೆಗೆಯುತ್ತಾರೆ. ಈ ಬಂದ್ ಬೇಕು ಅನ್ನುವವರಲ್ಲಿ ನಾನೂ ಒಬ್ಬ. ಬಂದ್ ಇಲ್ಲದ ಕಾಲವನ್ನೂ ನೋಡಿದ್ದೇನೆ. ಎರಡೂ ಬದಿ ಸಾಲಾಗಿ ನಿಲ್ಲಿಸಿದ ಕಾರು, ನಡುವೆ ಬಿಡದೆ ಹಾರ್ನ್, ಅದರ ಮಧ್ಯೆ ಮಕ್ಕಳ ಕೈ ಗಟ್ಟಿಯಾಗಿ ಹಿಡಿದು ನುಸುಳುವ ಅಪ್ಪ ಅಮ್ಮಂದಿರು. ಆ ಕಾಲ ಮತ್ತೆ ಬರುವುದು ಬೇಡ.

ಆದರೆ ಕಳೆದ ತಿಂಗಳು ಆದದ್ದನ್ನು ಹೇಳಲೇಬೇಕು. ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಮುಗಿದ ಮೇಲೆ ಬಿಪಿ ಇಳಿದಿರುತ್ತದೆ, ಕಾಲಲ್ಲಿ ಬಲ ಇರುವುದಿಲ್ಲ. ಅವತ್ತು ಪಂದ್ಯ ಇದೆ ಅಂತ ಗೊತ್ತಿತ್ತು. ಬೇಗನೇ ಹೋಗಿದ್ದೆವು. ಅಲ್ಲಿ ತಡವಾಯಿತು. ವಾಪಸ್ ಬರುವಷ್ಟರಲ್ಲಿ ಬ್ಯಾರಿಕೇಡ್ ಬಿದ್ದಿತ್ತು.

ಅಲ್ಲಿ ನಿಂತಿದ್ದವನು ಇಪ್ಪತ್ತರ ಹುಡುಗ, ಹಳದಿ ಜಾಕೆಟ್. ನಿವಾಸಿ ಪಾಸ್ ತೋರಿಸಿದೆ. "ಸರ್, ಇದು ಆ ಕಡೆಯ ಗೇಟಿನ ಪಾಸ್, ಸುತ್ತಿ ಬನ್ನಿ. ಇಲ್ಲಿ ಆಂಬುಲೆನ್ಸ್ ಮಾತ್ರ" ಅಂದ. ಸುತ್ತಿ ಹೋಗುವ ರಸ್ತೆಯಲ್ಲಿ ಗಾಡಿಗಳು ಅಲುಗಾಡದೆ ನಿಂತಿದ್ದವು. ಅಪ್ಪನ ತೋಳಿನ ಬ್ಯಾಂಡೇಜ್ ತೋರಿಸಿದೆ. ಅವನ ಮುಖ ಬಾಡಿತು. ವಾಕಿಟಾಕಿಯಲ್ಲಿ ಮೂರು ಸಲ ಕೇಳಿದ. ಆ ಕಡೆಯಿಂದ ಬರೀ ಗದ್ದಲ, ಉತ್ತರ ಇಲ್ಲ.

ಕೊನೆಗೆ ಕಾರನ್ನು ಅಲ್ಲೇ ಬಿಟ್ಟು ನಡೆದೆವು. ಸುಮಾರು 900 ಮೀಟರ್. ಅಪ್ಪ ಎರಡು ಸಲ ಫುಟ್‌ಪಾತ್ ಅಂಚಿನಲ್ಲಿ ಕುಳಿತರು. ಮೂರನೇ ಸಲ ಏಳಲಾಗಲಿಲ್ಲ. ಜರ್ಸಿ ಹಾಕಿಕೊಂಡು ಎದುರಿಗೆ ಬರುತ್ತಿದ್ದ ಇಬ್ಬರು ಹುಡುಗರು ಏನೂ ಕೇಳದೆ ಕೈಗೆ ಕೈ ಹೆಣೆದು ಕುರ್ಚಿ ಮಾಡಿದರು. ಅಪ್ಪನನ್ನು ಕೂರಿಸಿಕೊಂಡು ಮನೆ ಬಾಗಿಲವರೆಗೆ ತಂದು ಬಿಟ್ಟರು. ಅಷ್ಟು ಹೊತ್ತಿಗೆ ಒಳಗೆ ಆಟ ಶುರುವಾದ ಕೂಗು ಕೇಳಿಸುತ್ತಿತ್ತು. ಅವರ ಹೆಸರೂ ನನಗೆ ಗೊತ್ತಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಟ್ಟಿದ್ದು ಅಷ್ಟೇ. ಆಂಬುಲೆನ್ಸ್ ಅಂದರೆ ಬಿಡು, ಬೇರೆ ಯಾವುದೂ ಬಿಡಬೇಡ. ಆದರೆ ತುರ್ತು ಅಂದರೆ ಸೈರನ್ ಒಂದೇ ಅಲ್ಲ, ಅಲ್ವಾ? ಮುಂದಿನ ವಾರ ನಿವಾಸಿಗಳ ಜೊತೆ ಆಯೋಜಕರ ಸಭೆ ಇದೆ. ಅಲ್ಲಿ ಸುಮ್ನೆ ಕೂಗಾಡುವುದು ನನಗೆ ಬೇಡ. ಸರಿಯಾದ ಎರಡು ಮೂರು ವಿಷಯ ಕೇಳಬೇಕು. ಬೇರೆ ಕಡೆ ಹೇಗೆ ಮಾಡುತ್ತಾರೆ? ಗೊತ್ತಿರುವವರು ಹೇಳಿ.


ಸಂಚಾರನಕ್ಷೆ

ಓದಿ ಹೊಟ್ಟೆ ಉರಿಯಿತು. ಅಪ್ಪ ಈಗ ಹೇಗಿದ್ದಾರೆ?

ನಾನು ರಸ್ತೆ ಸಂಚಾರ ಯೋಜನೆಯ ಕೆಲಸದಲ್ಲಿ ಇರುವವನು. ಸಭೆಯಲ್ಲಿ ಯಾರಾದರೂ "ಹಾಗಾದರೆ ಬಂದ್ ಬೇಡವೇ?" ಅಂತ ನಿಮ್ಮ ಬಾಯಿ ಮುಚ್ಚಿಸಬಹುದು. ಅದಕ್ಕೇ ಬಂದ್ ಯಾಕೆ ಬೇಕು ಅನ್ನುವ ಲೆಕ್ಕ ಮೊದಲು ನಿಮ್ಮ ಕೈಯಲ್ಲಿ ಇರಲಿ.

ಬ್ರಿಟನ್ನಿನಲ್ಲಿ ಕ್ರೀಡಾಂಗಣ ಸುರಕ್ಷತೆಗೆ ಒಂದು ಕೈಪಿಡಿ ಇದೆ, ಎಲ್ಲರೂ ಗ್ರೀನ್ ಗೈಡ್ ಅನ್ನುತ್ತಾರೆ. ಅದರ ಪ್ರಕಾರ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಹೊರಗೆ ಹೋಗಬಹುದು. ಮೆಟ್ಟಿಲಲ್ಲಿ ಆದರೆ 66. ಈಗ ಮೂರು ಮೀಟರ್ ಅಗಲದ ಒಂದು ಲೇನ್ ತೆಗೆದುಕೊಳ್ಳಿ. ಜನರಿಗೆ ಬಿಟ್ಟರೆ ನಿಮಿಷಕ್ಕೆ 246, ಗಂಟೆಗೆ 14,000ಕ್ಕೂ ಜಾಸ್ತಿ. ಅದೇ ಲೇನಿನಲ್ಲಿ ಕಾರುಗಳು ಯಾವ ಅಡ್ಡಿಯೂ ಇಲ್ಲದೆ ಓಡಿದರೂ ಗಂಟೆಗೆ ಸುಮಾರು 2,000. ಒಂದೊಂದರಲ್ಲಿ ಇಬ್ಬರು ಅಂದುಕೊಂಡರೂ 4,000 ಜನ. ಪಂದ್ಯ ಬಿಟ್ಟಾಗ ಕಾರು ಅಡ್ಡಿಯಿಲ್ಲದೆ ಎಲ್ಲಿ ಓಡುತ್ತದೆ? ಆ ಜಾಗ ನಡೆಯುವವರಿಗೇ ಸೇರಬೇಕು.

ಒಲಿಂಪಿಕ್ಸ್ ನಡೆಸಿದ ಊರುಗಳು ಇದನ್ನು ಕಷ್ಟಪಟ್ಟು ಕಲಿತವು. 1984ರಲ್ಲಿ ಲಾಸ್ ಏಂಜಲೀಸ್ ಪೂರ್ತಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಎಲ್ಲರೂ ಹೆದರಿದ್ದರು. ಲಾರಿಗಳ ಸರಕು ಇಳಿಸುವ ಕೆಲಸವನ್ನು ರಾತ್ರಿಗೆ ತಳ್ಳಿದರು, ಕಚೇರಿ ಸಮಯ ಹಿಂದೆ ಮುಂದೆ ಮಾಡಿದರು. ಸಂಚಾರ ಮಾಮೂಲಿಗಿಂತ ಸಲೀಸಾಯಿತು. 1996ರ ಅಟ್ಲಾಂಟಾದಲ್ಲಿ ಉಲ್ಟಾ. ಹೊರಗಿನಿಂದ ಬಂದ ಚಾಲಕರಿಗೆ ದಾರಿಯೇ ಗೊತ್ತಿರಲಿಲ್ಲ. ಬಸ್ಸು ಕೆಟ್ಟು ನಿಂತವು. ಸ್ಪರ್ಧೆಗೆ ತಡವಾಗುತ್ತದೆ ಅಂತ ಕ್ರೀಡಾಪಟುಗಳೇ ಕಂಗಾಲಾದರು. ಅದನ್ನು ನೋಡಿ 2000ದ ಸಿಡ್ನಿಯಲ್ಲಿ ಮುಖ್ಯ ಒಲಿಂಪಿಕ್ ಪಾರ್ಕಿಗೆ ಪ್ರೇಕ್ಷಕರ ಕಾರೇ ಬೇಡ ಅಂದರು. ಪಂದ್ಯದ ಟಿಕೆಟ್ ಇದ್ದರೆ ರೈಲು ಬಸ್ಸು ಅದರಲ್ಲೇ ಸೇರಿತ್ತು. 2012ರ ಲಂಡನ್ನಿನಲ್ಲೂ ಟಿಕೆಟ್ ಜೊತೆ ಅವತ್ತಿನ ಪ್ರಯಾಣದ ಕಾರ್ಡ್ ಕೊಟ್ಟರು. 2024ರ ಯೂರೋ ಫುಟ್‌ಬಾಲ್‌ನಲ್ಲಿ ಜರ್ಮನಿ ಟಿಕೆಟ್ ಇದ್ದವರಿಗೆ ಆ ಊರಿನ ಸಾರ್ವಜನಿಕ ಸಾರಿಗೆಯಲ್ಲಿ 36 ಗಂಟೆ ಓಡಾಡಲು ಬಿಟ್ಟಿತು.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದೇ. ಬರಬೇಡ ಅನ್ನುವುದಕ್ಕೂ ಮೊದಲು ಹೀಗೆ ಬಾ ಅನ್ನಬೇಕು. ದಾರಿ ತೋರಿಸದೆ ಬ್ಯಾರಿಕೇಡ್ ಹಾಕಿದರೆ ಕಾರುಗಳು ಮಾಯವಾಗುವುದಿಲ್ಲ. ಎರಡು ಬೀದಿ ಆಚೆ ಹೋಗಿ ನಿಲ್ಲುತ್ತವೆ, ಅಷ್ಟೇ. ನೀವು ಸುತ್ತಿ ಹೋಗಲಾಗದೆ ನಿಂತಿದ್ದು ಅದೇ ಗಾಡಿಗಳ ಹಿಂದೆ.


ರಸ್ತೆಎಲ್ಲರದು

ನಾನು ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ರಸ್ತೆ ಎಲ್ಲರ ತೆರಿಗೆಯಿಂದ ಆದದ್ದು. ಆಟ ಟಿಕೆಟ್ ಮಾರಿ ನಡೆಸುವ ವ್ಯವಹಾರ. ಅದಕ್ಕಾಗಿ ಅಲ್ಲಿ ವಾಸ ಮಾಡುವವನು ತನ್ನ ಮನೆಗೆ ಹೋಗಲು ಪಾಸ್ ಯಾಕೆ ತೋರಿಸಬೇಕು? ಒಂದು ದಿನ ಎರಡು ದಿನ ಅಂದರೆ ಸರಿ. 2022ರ ಫುಟ್‌ಬಾಲ್ ವಿಶ್ವಕಪ್‌ಗೆ ಕತಾರ್‌ನ ದೋಹಾದ ಕಾರ್ನಿಶ್ ಸಮುದ್ರತೀರದ ರಸ್ತೆಯನ್ನು ನವೆಂಬರ್ 1ರಿಂದ ಡಿಸೆಂಬರ್ 19ರವರೆಗೆ ಗಾಡಿಗಳಿಗೆ ಮುಚ್ಚಿದ್ದರು. 2008ರಲ್ಲಿ ಬೀಜಿಂಗ್‌ನಲ್ಲಿ ಜುಲೈ 20ರಿಂದ ಸೆಪ್ಟೆಂಬರ್ 20ರವರೆಗೆ ಸಮ ಬೆಸ ನಂಬರ್ ಪ್ಲೇಟ್ ನೋಡಿ ಕಾರು ಬಿಟ್ಟರು. ಎರಡು ತಿಂಗಳು! ಎಲ್ಲಿಗೆ ನಿಲ್ಲುತ್ತದೆ ಇದು?


ಸಂಚಾರನಕ್ಷೆ

@ರಸ್ತೆಎಲ್ಲರದು, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಬ್ರಿಟನ್ನಿನ ಕಾನೂನಿನಲ್ಲಿ ಇದಕ್ಕೆ ಒಂದು ಕಡಿವಾಣ ಇದೆ. ಕ್ರೀಡೆ, ಮೆರವಣಿಗೆಯಂಥ ಕಾರ್ಯಕ್ರಮಕ್ಕೆ ಸ್ಥಳೀಯ ಆಡಳಿತ ರಸ್ತೆ ಮುಚ್ಚಬಹುದು. ಆದರೆ ಮೇಲಿನವರ ಒಪ್ಪಿಗೆ ಇಲ್ಲದೆ ಮೂರು ದಿನಕ್ಕಿಂತ ಜಾಸ್ತಿ ಮುಚ್ಚುವಂತಿಲ್ಲ. ಅದೇ ರಸ್ತೆಯನ್ನು ಅದೇ ವರ್ಷ ಎರಡನೇ ಸಲ ಮುಚ್ಚಲೂ ಒಪ್ಪಿಗೆ ಬೇಕು. ಆ ರಸ್ತೆಯಲ್ಲಿರುವ ಮನೆಗೆ ನಡೆದು ಹೋಗುವವರನ್ನು ತಡೆಯುವಂತೆಯೇ ಇಲ್ಲ. ಪದೇ ಪದೇ ಪಂದ್ಯ ನಡೆಯುವ ಕಡೆ ಬೇರೆ ಕಾನೂನುಗಳ ಕೆಳಗೆ ಕೆಲಸ ನಡೆಯುತ್ತದೆ. ಆದರೂ ಮೂಲ ಭಾವನೆ ಒಳ್ಳೆಯದು. ಮುಚ್ಚುವವನು ಕಾರಣ ಕೊಡಬೇಕು, ಎಷ್ಟು ಹೊತ್ತು ಅಂತ ಮೊದಲೇ ಹೇಳಬೇಕು.

2012ರ ಲಂಡನ್ನಿನಲ್ಲಿ ಕ್ರೀಡಾಪಟುಗಳಿಗೆ ಅಂತ ಮೀಸಲಿಟ್ಟ ಲೇನ್‌ಗಳಿದ್ದವು. ಬೇಡದ ಹೊತ್ತಿನಲ್ಲಿ ಬೋರ್ಡ್ ಬದಲಾಯಿಸಿ ಎಲ್ಲರಿಗೂ ಬಿಡುತ್ತಿದ್ದರು. ನನಗೆ ತುಂಬ ಇಷ್ಟವಾದ ಕೆಲಸ ಅದು. ಮುಚ್ಚಿದ್ದನ್ನು ಬೇಗ ತೆಗೆಯುವುದು ಕೂಡ ಯೋಜನೆಯ ಭಾಗವೇ.


ರಾತ್ರಿಪಾಳಿ

ನಾನು ತುರ್ತು ಚಿಕಿತ್ಸೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಆಂಬುಲೆನ್ಸ್‌ಗೆ ದಾರಿ ಬಿಟ್ಟರೆ ಮುಗಿಯಿತು ಅಂತ ಅಂದುಕೊಳ್ಳುವವರಿಗೆ ಒಂದು ಅಧ್ಯಯನದ ಬಗ್ಗೆ ಹೇಳಲೇಬೇಕು.

2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. ಅಮೆರಿಕದ 11 ಊರುಗಳಲ್ಲಿ ದೊಡ್ಡ ಮ್ಯಾರಥಾನ್ ನಡೆದ ದಿನಗಳನ್ನು ತೆಗೆದುಕೊಂಡರು, 2002ರಿಂದ 2012ರವರೆಗೆ. ಅವತ್ತು ಹೃದಯಾಘಾತ ಅಥವಾ ಹೃದಯ ಸ್ತಂಭನ ಆಗಿ ಆಸ್ಪತ್ರೆಗೆ ಬಂದ ವಯಸ್ಸಾದವರನ್ನು ನೋಡಿದರು. ಓಡುವವರಲ್ಲ, ಆ ಊರಿನಲ್ಲಿ ವಾಸ ಇದ್ದ ಹಿರಿಯರು. ಅದೇ ವಾರದ ದಿನ, ಹಿಂದಿನ ಮುಂದಿನ ವಾರಗಳ ಜೊತೆ ಹೋಲಿಸಿದರು. 30 ದಿನದೊಳಗೆ ತೀರಿಹೋದವರು ಮಾಮೂಲಿ ದಿನ ನೂರಕ್ಕೆ 24.9. ಮ್ಯಾರಥಾನ್ ದಿನ 28.2.

ಆಂಬುಲೆನ್ಸ್ ರೋಗಿಯನ್ನು ಹತ್ತಿಸಿಕೊಂಡು ಆಸ್ಪತ್ರೆ ಮುಟ್ಟಲು ಬೆಳಗಿನ ಹೊತ್ತು ಸರಾಸರಿ 4.4 ನಿಮಿಷ ಜಾಸ್ತಿ ಹಿಡಿದಿತ್ತು. ರಸ್ತೆ ತೆರೆದ ಮೇಲೆ, ಸಂಜೆಗೆ, ಆ ವ್ಯತ್ಯಾಸ ಕಾಣಲಿಲ್ಲ. ನಾಲ್ಕು ನಿಮಿಷ ಅಂದರೆ ಹೊರಗಿನವರಿಗೆ ಏನೂ ಅಲ್ಲ ಅನ್ನಿಸಬಹುದು. ನಮ್ಮ ವಿಭಾಗದ ಬಾಗಿಲಲ್ಲಿ ನಿಂತು ಕಾಯುವಾಗ ನಾಲ್ಕು ನಿಮಿಷ ಬಹಳ ಉದ್ದ.

ಗಮನಿಸಿ, ಇವು ಸೈರನ್ ಇರುವ ಆಂಬುಲೆನ್ಸ್‌ಗಳು. ಆದರೂ ತಡವಾಯಿತು. ಹಾಗಿದ್ದ ಮೇಲೆ ಸ್ವಂತ ಕಾರಿನಲ್ಲಿ ಎದೆ ಹಿಡಿದುಕೊಂಡು ಬರುವವನ ಗತಿ ಏನು? ಡಯಾಲಿಸಿಸ್, ಕೀಮೋ ಮುಗಿಸಿ ಮನೆಗೆ ಹೋಗುವವರು, ನೋವು ಶುರುವಾದ ಬಸುರಿ, ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸ್. ಇವರ ಯಾರ ಗಾಡಿಯಲ್ಲೂ ಸೈರನ್ ಇರುವುದಿಲ್ಲ.

ನಿಮ್ಮ ಸಭೆಯಲ್ಲಿ ಇದನ್ನು ಕೇಳಿ. ಬಂದ್ ಆದ ವೃತ್ತದ ಒಳಗೇ ಒಂದು ಆಂಬುಲೆನ್ಸ್ ನಿವಾಸಿಗಳಿಗೆ ಅಂತ ನಿಂತಿರುತ್ತದೆಯೇ? ಕ್ರೀಡಾಂಗಣದ ಒಳಗೆ ಇರುವುದು ಪ್ರೇಕ್ಷಕರಿಗೆ. ಪಕ್ಕದ ಬೀದಿಯ ಅಜ್ಜಿಗೆ ಅಲ್ಲ.


ಗೇಟ್‌ಪಕ್ಕದಮನೆ

@ರಾತ್ರಿಪಾಳಿ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ತುಂಬ ಧನ್ಯವಾದ. ಹೌದು, ಆಂಬುಲೆನ್ಸ್ ಇರುವುದು ಕ್ರೀಡಾಂಗಣದ ಒಳಗೆ ಮಾತ್ರ. ಇದು ನನಗೆ ಹೊಳೆದೇ ಇರಲಿಲ್ಲ.

@ಸಂಚಾರನಕ್ಷೆ, ಅಪ್ಪ ಎರಡು ದಿನ ತುಂಬ ಸುಸ್ತಾಗಿದ್ದರು. ಈಗ ಪರವಾಗಿಲ್ಲ.


ಹಳೇಮಾರ್ಷಲ್

ಬ್ಯಾರಿಕೇಡಿನ ಆ ಕಡೆ ನಿಂತವನು ನಾನು. ಹನ್ನೊಂದು ವರ್ಷ ಮ್ಯಾರಥಾನ್, ಸೈಕಲ್ ರೇಸ್, ಫುಟ್‌ಬಾಲ್ ಪಂದ್ಯಗಳಿಗೆ ಸ್ವಯಂಸೇವಕನಾಗಿ ನಿಂತಿದ್ದೇನೆ. ಆ ಹುಡುಗನ ಮುಖ ನನಗೆ ಚೆನ್ನಾಗಿ ಗೊತ್ತು, ಅದು ನನ್ನದೇ ಮುಖ.

ಬೆಳಿಗ್ಗೆ ಐದೂವರೆಗೆ ಒಂದು ಜಾಕೆಟ್, ಒಂದು ಬಾಟಲಿ ನೀರು, ಒಂದು ಹಾಳೆ ಕೊಡುತ್ತಾರೆ. ಹಾಳೆಯಲ್ಲಿ ಯಾರನ್ನು ಬಿಡಬಾರದು ಅಂತ ಉದ್ದಕ್ಕೆ ಬರೆದಿರುತ್ತದೆ. ಯಾರನ್ನು ಬಿಡಬೇಕು ಅನ್ನುವುದು ಒಂದೇ ಸಾಲು. ಅನುಮಾನ ಬಂದರೆ ಕಂಟ್ರೋಲ್ ರೂಮ್ ಕೇಳಿ. ಕಂಟ್ರೋಲ್ ರೂಮ್‌ಗೆ ಅದೇ ಹೊತ್ತಿಗೆ ನಲವತ್ತು ಜನ ಕೂಗುತ್ತಿರುತ್ತಾರೆ. ಒಂದು ಚಾನೆಲ್‌ನಲ್ಲಿ ಒಬ್ಬ ಮಾತಾಡುವಾಗ ಬೇರೆಯವರ ಮಾತು ಹೋಗುವುದೇ ಇಲ್ಲ. ಗಾಡಿಯ ಹಿಂದೆ ಗಾಡಿ ಸೇರುತ್ತದೆ. ಎಲ್ಲರೂ ಬೈಯುತ್ತಾರೆ. ಹತ್ತು ಜನ ಸುಳ್ಳು ಹೇಳಿ ಹೋಗಿರುತ್ತಾರೆ. ಹನ್ನೊಂದನೆಯವರು ನಿಮ್ಮ ಅಪ್ಪ. ನಿಜ ಯಾವುದು ಅಂತ ಆ ಹುಡುಗ ಹೇಗೆ ತಿಳಿಯಬೇಕು ಹೇಳಿ?

ಅದಕ್ಕಿಂತ ದೊಡ್ಡ ಹೆದರಿಕೆ ಒಂದಿದೆ. ಅದನ್ನು ನೀವೂ ತಿಳಿದಿರಬೇಕು. 2025ರ ಮೇ 26ರಂದು ಲಿವರ್‌ಪೂಲ್‌ನಲ್ಲಿ ಫುಟ್‌ಬಾಲ್ ತಂಡದ ವಿಜಯೋತ್ಸವದ ಮೆರವಣಿಗೆ ಇತ್ತು. ಯಾರಿಗೋ ಹೃದಯಾಘಾತ ಆಗಿದೆ ಅಂತ ಆಂಬುಲೆನ್ಸ್ ಬಿಡಲು ತಡೆ ತೆಗೆದರು. ಅದರ ಹಿಂದೆಯೇ ಒಂದು ಕಾರು ಒಳಗೆ ಬಂತು ಅಂತ ಪೊಲೀಸರು ಆಗ ಹೇಳಿದರು. ಜನರ ಮೇಲೆ ನುಗ್ಗಿತು. 100ಕ್ಕೂ ಜಾಸ್ತಿ ಜನರಿಗೆ ಗಾಯ, ಮಕ್ಕಳಿಗೂ. ತಡೆ ತೆಗೆದವರು ತಪ್ಪು ಮಾಡಲಿಲ್ಲ, ಜೀವ ಉಳಿಸಲು ತೆಗೆದರು. ಆದರೆ ಆ ಕೆಲವು ಸೆಕೆಂಡು ತೆರೆದ ಬಾಯಿ ಇದೆಯಲ್ಲ, ಅಲ್ಲೇ ಅಪಾಯ.

ಅದೇ ವರ್ಷ ಜನವರಿ 1ರಂದು ನ್ಯೂ ಆರ್ಲಿಯನ್ಸ್‌ನ ಬರ್ಬನ್ ಸ್ಟ್ರೀಟ್‌ನಲ್ಲಿ ಒಬ್ಬ ಟ್ರಕ್ ನುಗ್ಗಿಸಿ 14 ಜನರನ್ನು ಕೊಂದ. ಅವತ್ತು ಆ ಊರಿನಲ್ಲಿ ಶುಗರ್ ಬೌಲ್ ಅನ್ನುವ ಅಮೆರಿಕನ್ ಫುಟ್‌ಬಾಲ್ ಪಂದ್ಯ ಇತ್ತು. ಮರುದಿನಕ್ಕೆ ಮುಂದೂಡಿದರು. ಫೆಬ್ರವರಿಯಲ್ಲಿ ಅಲ್ಲೇ ನಡೆಯಬೇಕಿದ್ದ ಅದೇ ಆಟದ ದೊಡ್ಡ ಫೈನಲ್ ಸೂಪರ್ ಬೌಲ್‌ಗೆ ಮುಂಚೆ ಮುಗಿಸಬೇಕು ಅಂತ ಹಳೆಯ ತಡೆಗಂಬಗಳನ್ನು ತೆಗೆದು ಹೊಸದು ಹಾಕುವ ಕೆಲಸ ನಡೆಯುತ್ತಿತ್ತು. ಬದಲಿಗೆ ಪೊಲೀಸ್ ಗಾಡಿ ಅಡ್ಡ ನಿಲ್ಲಿಸಿದ್ದರು. ಅವನು ಫುಟ್‌ಪಾತ್ ಮೇಲೆ ಹತ್ತಿಸಿ ಸುತ್ತಿ ಬಂದ.

ಇದನ್ನೆಲ್ಲ ಕೇಳಿದ ಮೇಲೆ ಬ್ಯಾರಿಕೇಡಿನಲ್ಲಿ ನಿಂತವನ ಕೈ ಗೇಟಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನನಗೂ ಹಾಗೇ ಆಗುತ್ತದೆ. ನಿಮ್ಮ ಅಪ್ಪನಿಗೆ ದಾರಿ ಬೇಕು, ಹಿಂದೆ ನುಗ್ಗುವವನಿಗೆ ದಾರಿ ಇರಬಾರದು. ಎರಡೂ ಒಂದೇ ಗೇಟಿನಲ್ಲಿ ಆಗಬೇಕು.


ರಸ್ತೆಎಲ್ಲರದು

@ಹಳೇಮಾರ್ಷಲ್, ಇದಕ್ಕೆ ದಾರಿ ಇದೆಯೇ? ನಿಜವಾಗಿ ಕೇಳುತ್ತಿದ್ದೇನೆ.


ಹಳೇಮಾರ್ಷಲ್

ಇದೆ. ಒಂದು ಗೇಟಿನ ಜಾಗದಲ್ಲಿ ಎರಡು. ನಡುವೆ ಒಂದು ಆಂಬುಲೆನ್ಸ್ ಹಿಡಿಯುವಷ್ಟು ಜಾಗ, ಹತ್ತು ಹನ್ನೆರಡು ಮೀಟರ್ ಅಂದುಕೊಳ್ಳಿ. ಮೊದಲನೆಯದು ತೆರೆದು ಗಾಡಿ ಒಳಗೆ ಬರುತ್ತದೆ, ಅದು ಮುಚ್ಚುತ್ತದೆ. ಆಮೇಲೇ ಎರಡನೆಯದು ತೆರೆಯುವುದು. ಎರಡೂ ಒಟ್ಟಿಗೆ ಯಾವತ್ತೂ ತೆರೆದಿರುವುದಿಲ್ಲ. ನಾಲ್ಕು ಜನ ಬೇಕು. ಒಂದು ಗಾಡಿಗೆ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ. ನಾನು ನಿಂತಿದ್ದ ಒಂದು ರೇಸ್‌ನಲ್ಲಿ ಹೀಗೆ ಮಾಡಿದ್ದರು. ಅವತ್ತು ನಾನು ಒಬ್ಬರನ್ನೂ ಬೈಯಲಿಲ್ಲ, ನನ್ನನ್ನೂ ಯಾರೂ ಬೈಯಲಿಲ್ಲ. ನಡುವಿನ ಜಾಗದಲ್ಲಿ ಗಾಡಿ ನಿಲ್ಲಿಸಿ ನಿಧಾನವಾಗಿ ಕೇಳಲು, ಪಾಸ್ ನೋಡಲು, ಡಿಕ್ಕಿ ತೆಗೆಸಲು ಸಮಯ ಸಿಗುತ್ತದೆ. ಹಿಂದಿನವನ ಹಾರ್ನ್ ಆಚೆ ಗೇಟಿನ ಹೊರಗೆ ಉಳಿದಿರುತ್ತದೆ.

ಗೇಟಿಗೆ ಮುಂಚೆ ದಾರಿಯನ್ನು ಒಂದೆರಡು ಕಡೆ ಅಂಕುಡೊಂಕು ಮಾಡಿಸಿ. ವೇಗ ಎರಡು ಪಟ್ಟಾದರೆ ಗುದ್ದುವ ಶಕ್ತಿ ನಾಲ್ಕು ಪಟ್ಟು. ಬರುವಾಗಲೇ ನಿಧಾನ ಮಾಡಿಸಿದರೆ ಬ್ಯಾರಿಕೇಡ್ ಅರ್ಧ ಗೆದ್ದ ಹಾಗೆ.


ಗಾಲಿಕುರ್ಚಿಅಭಿಮಾನಿ

ತಡೆಗಂಬದ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಗಾಲಿಕುರ್ಚಿಯಲ್ಲಿ ಪಂದ್ಯಕ್ಕೆ ಹೋಗುವವಳು. ಗಾಡಿ ತಡೆಯುವ ಕಂಬಗಳ ನಡುವೆ 1.2 ಮೀಟರ್‌ಗಿಂತ ಜಾಸ್ತಿ ಸಂದು ಬಿಡಬಾರದು ಅಂತ ಬ್ರಿಟನ್ನಿನ ಮಾರ್ಗಸೂಚಿ ಇದೆ. ಅಷ್ಟಿದ್ದರೆ ಕಾರು ತೂರುವುದಿಲ್ಲ, ನನ್ನ ಕುರ್ಚಿ ಆರಾಮಾಗಿ ಹೋಗುತ್ತದೆ. ಆದರೆ ತಾತ್ಕಾಲಿಕ ಬ್ಯಾರಿಕೇಡ್ ಹಾಕುವವರು ಒಂದಕ್ಕೊಂದು ಸರಪಳಿ ಬಿಗಿದು ನಡೆಯುವವರಿಗೆ ಪಕ್ಕದಲ್ಲಿ ಮೈ ಓರೆ ಮಾಡಿ ತೂರುವಷ್ಟು ಮಾತ್ರ ಜಾಗ ಬಿಡುತ್ತಾರೆ. ಅದರ ಬುಡದಲ್ಲಿ ಚಾಚಿಕೊಂಡ ಕಬ್ಬಿಣದ ಕಾಲುಗಳು ಬೇರೆ. ನನ್ನ ಮುಂದಿನ ಪುಟ್ಟ ಚಕ್ರ ಅದಕ್ಕೆ ಸಿಕ್ಕಿ ಒಂದು ಸಲ ಮುಗ್ಗರಿಸಿದ್ದೇನೆ. ಅಂಗೈ ಕಿತ್ತು ಹೋಗಿತ್ತು, ಗ್ಲೌಸ್ ಒಳಗೆ ರಕ್ತ. ಆಟ ಪೂರ್ತಿ ನೋಡಿದೆ, ಚಪ್ಪಾಳೆ ಹೊಡೆಯಲು ಮಾತ್ರ ಆಗಲಿಲ್ಲ.

ಇನ್ನೊಂದು ವಿಷಯ ದೂರದ್ದು. "ಬಂದ್ ಮಾಡಿದರೆ ಎಲ್ಲರೂ ಆರಾಮಾಗಿ ನಡೆಯಬಹುದು" ಅನ್ನುತ್ತಾರೆ. ಎಲ್ಲರೂ ಅಂದರೆ ಯಾರು? 2012ರ ಲಂಡನ್ನಿನಲ್ಲಿ ಪ್ರೇಕ್ಷಕರಿಗೆ ಪಾರ್ಕಿಂಗ್ ಇಲ್ಲ ಅಂದಾಗಲೂ ಬ್ಲೂ ಬ್ಯಾಡ್ಜ್ ಇರುವ ಅಂಗವಿಕಲರಿಗೆ ಜಾಗ ಇಟ್ಟಿದ್ದರು. ಮೊದಲೇ ಬುಕ್ ಮಾಡಬೇಕಿತ್ತು. ನನಗೆ ಬೇಕಾದ್ದು ಅಷ್ಟೇ. ಗೇಟ್ ಹತ್ತಿರ ಇಳಿಸಿ ಹೋಗುವ ಒಂದು ಜಾಗ, ಅದು ನನ್ನ ಟಿಕೆಟ್ ಮೇಲೇ ಬರೆದಿರಲಿ. ನಾನು ಯಾರ ಹತ್ತಿರವೂ ನನ್ನ ಕಾಲಿನ ಕಥೆ ಹೇಳಿಕೊಂಡು ಬೇಡಿಕೊಳ್ಳುವಂತೆ ಆಗಬಾರದು.

ಮತ್ತೆ, ಮುಗಿದ ಮೇಲಿನ ಹೊತ್ತನ್ನು ಯಾರೂ ಯೋಚಿಸುವುದಿಲ್ಲ. ಬರುವಾಗ ಜನ ಮೂರು ಗಂಟೆಯಲ್ಲಿ ಚದುರಿ ಬರುತ್ತಾರೆ. ಹೋಗುವಾಗ ಇಪ್ಪತ್ತು ನಿಮಿಷದಲ್ಲಿ ಎಲ್ಲರೂ ಒಟ್ಟಿಗೆ. ನನ್ನನ್ನು ಕರೆದೊಯ್ಯುವ ಗಾಡಿಗೆ ಆಗ ಒಳಗೆ ಬರಲು ಬಿಡುವುದಿಲ್ಲ, ಬಿಡಲೂ ಬಾರದು, ಅಷ್ಟು ಜನ ಇರುತ್ತಾರೆ. ಹಾಗಾದರೆ ಆ ಒಂದು ಗಂಟೆ ನಾನು ಎಲ್ಲಿ ಕಾಯಲಿ? ಮಳೆಯಲ್ಲಿ ಕಾದಿದ್ದೇನೆ. ಒಂದು ಸೂರು, ಒಂದು ಶೌಚಾಲಯ ಬಿಟ್ಟುಕೊಟ್ಟರೆ ಸಾಕು.


ಸಂಚಾರನಕ್ಷೆ

@ಗಾಲಿಕುರ್ಚಿಅಭಿಮಾನಿ, ನೀವು ಹೇಳಿದ ಕೊನೆಯ ಮಾತು ನಮ್ಮ ಕೆಲಸದ ನಕ್ಷೆಗಳಲ್ಲಿ ಬರುವುದೇ ಇಲ್ಲ. ನಾನು ಬರೆದಿಟ್ಟುಕೊಂಡೆ.

ಕಾಲ್ನಡಿಗೆಯ ಕೊನೆಯ ಮೈಲಿ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. 2022ರ ಮೇ 28, ಪ್ಯಾರಿಸ್ ಹತ್ತಿರದ ಸ್ಟಾಡ್ ದ ಫ್ರಾನ್ಸ್ ಕ್ರೀಡಾಂಗಣ, ಫುಟ್‌ಬಾಲ್‌ನ ಚಾಂಪಿಯನ್ಸ್ ಲೀಗ್ ಫೈನಲ್. ಒಂದು ರೈಲು ಮಾರ್ಗದಲ್ಲಿ ಮುಷ್ಕರ ಇತ್ತು. ಜನ ಇನ್ನೊಂದು ಮಾರ್ಗದಲ್ಲಿ ಬಂದು ಇಳಿದರು. ಆ ನಿಲ್ದಾಣದಿಂದ ಬರುವ ದಾರಿ ಹೆದ್ದಾರಿಯ ಕೆಳಗಿನ ಇಕ್ಕಟ್ಟಾದ ಜಾಗಕ್ಕೆ ಸೇರುತ್ತಿತ್ತು. ಅಲ್ಲೇ ಟಿಕೆಟ್ ತಪಾಸಣೆಯೂ ಇತ್ತು. ಸಾವಿರಾರು ಜನ ಸಿಕ್ಕಿಕೊಂಡರು. ಗಾಡಿ ತಡೆದರೆ ಸಾಲದು, ನಡೆದು ಬರುವವರ ದಾರಿ ತಪ್ಪಿದಾಗ ಎರಡನೇ ದಾರಿ ಯಾವುದು ಅಂತಲೂ ಗೊತ್ತಿರಬೇಕು.


ಡೆಲಿವರಿಬಂಡಿ

ನಾನು ಸಾಮಾನು ತಲುಪಿಸುವ ಗಾಡಿ ಓಡಿಸುತ್ತೇನೆ. ನನ್ನ ಮಾತು ಚಿಕ್ಕದು.

ಬಂದ್ ಆಗುತ್ತದೆ ಅಂತ ನಮಗೆ ಗೊತ್ತಾಗುವುದು ಬ್ಯಾರಿಕೇಡ್ ನೋಡಿದಾಗ. ಫೋನಿನ ಮ್ಯಾಪ್ ಆ ರಸ್ತೆಯಲ್ಲೇ ಹೋಗು ಅನ್ನುತ್ತಿರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಲಯಗಳಿಗೆ ಬಣ್ಣ ಕೊಟ್ಟಿದ್ದರು. ಕೆಂಪು ವಲಯದಲ್ಲಿ ನಡೆಯುವವರಿಗೆ, ಸೈಕಲ್‌ಗೆ ತಡೆ ಇಲ್ಲ, ಮೋಟಾರು ಗಾಡಿಗೆ ಮಾತ್ರ ಕ್ಯೂಆರ್ ಕೋಡ್ ಇರುವ ಪಾಸ್ ಬೇಕು. ಮೊದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕಿತ್ತು. ತೊಂದರೆ ಆಯಿತು, ಜನ ಬೈದರು, ವ್ಯಾಪಾರ ಇಲ್ಲದ ಬೀದಿಗಳೂ ಇದ್ದವು. ಆದರೆ ಯಾವ ಬಣ್ಣದಲ್ಲಿ ಏನು ನಿಯಮ ಅಂತ ಮೊದಲೇ ಗೊತ್ತಿತ್ತಲ್ಲ, ಅದು ದೊಡ್ಡದು. ನನಗೆ ವಿನಾಯಿತಿ ಬೇಡ. ಎರಡು ದಿನ ಮೊದಲು ಸಮಯ ಹೇಳಿ. ಬೆಳಿಗ್ಗೆ ಆರಕ್ಕೇ ಬಂದು ಇಳಿಸಿ ಹೋಗುತ್ತೇನೆ.


ಸೈಕಲ್‌ಸವಾರಿ

ಬಂದ್ ಇದ್ದ ದಿನ ಆ ಬೀದಿಯಲ್ಲಿ ಚಿಕ್ಕ ಮಕ್ಕಳು ಸೈಕಲ್ ಕಲಿಯುವುದನ್ನು ನೋಡಿದ್ದೇನೆ. ಅದನ್ನೂ ಯಾರಾದರೂ ಹೇಳಲಿ ಅಂತ ಬರೆದೆ. ಅಪ್ಪನಿಗೆ ಒಳ್ಳೆಯದಾಗಲಿ.


ಗೇಟ್‌ಪಕ್ಕದಮನೆ

ಸಭೆ ನಿನ್ನೆ ಆಯಿತು. ನಿಮ್ಮೆಲ್ಲರ ಮಾತನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಎರಡೂವರೆ ಗಂಟೆ ನಡೆಯಿತು.

ಮೊದಲು ನಾನು ಬಂದ್ ಬೇಕು ಅಂತಲೇ ಶುರು ಮಾಡಿದೆ, 82ರ ಲೆಕ್ಕ ಹೇಳಿದೆ. ಎದುರಿಗೆ ಕೂತವರ ಭುಜ ಇಳಿದದ್ದು ಕಾಣಿಸಿತು. ಜಗಳಕ್ಕೆ ತಯಾರಾಗಿ ಬಂದಿದ್ದರು ಪಾಪ. ಆಮೇಲೆ ಮ್ಯಾರಥಾನ್ ಅಧ್ಯಯನದ ಎರಡು ಅಂಕಿ ಹೇಳಿದೆ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ನಿವಾಸಿ ಪಾಸ್ ಇನ್ನು ಮೇಲೆ ಯಾವ ಬ್ಯಾರಿಕೇಡಿನಲ್ಲಾದರೂ ನಡೆಯುತ್ತದೆ. ಇದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಇಷ್ಟು ದಿನ ಯಾಕೆ ಹಾಗಿತ್ತು ಅಂತ ಅವರಿಗೂ ನೆನಪಿಲ್ಲ. ಡಯಾಲಿಸಿಸ್‌ನಂಥ ನಿಗದಿಯಾದ ಚಿಕಿತ್ಸೆ ಇರುವ ಮನೆಗಳು ಮೊದಲೇ ಹೆಸರು ಬರೆಸಬಹುದು. ಗಾಡಿ ನಂಬರ್ ಆಯಾ ದಿನದ ಹಾಳೆಯಲ್ಲಿ ಗೇಟಿನವರ ಕೈಗೆ ಹೋಗುತ್ತದೆ. ಗೇಟಿನವರಿಗೆ ವಾಕಿಟಾಕಿಯ ಜೊತೆ ಬೇರೆ ಒಂದು ಫೋನ್ ನಂಬರ್ ಕೊಡುತ್ತಾರೆ. ಆ ಫೋನ್ ಎತ್ತುವುದಕ್ಕೇ ಒಬ್ಬರು ಇರುತ್ತಾರೆ.

@ಹಳೇಮಾರ್ಷಲ್, ಎರಡು ಗೇಟಿನ ಮಾತಿಗೆ ಜನ ಸಾಲುವುದಿಲ್ಲ ಅಂದರು. ಕೊನೆಗೆ ನಮ್ಮ ಬೀದಿಯ ಕಡೆ ಒಂದರಲ್ಲಿ ಮಾತ್ರ ಮಾಡಿ ನೋಡುತ್ತಾರಂತೆ. ನಿವಾಸಿಗಳಿಂದಲೇ ಇಬ್ಬರು ನಿಲ್ಲುತ್ತೇವೆ ಅಂದೆವು. ಒಬ್ಬ ನಾನು.

ಬಂದ್ ಆದ ವೃತ್ತದಲ್ಲಿ ನಿವಾಸಿಗಳಿಗೆ ಒಂದು ಆಂಬುಲೆನ್ಸ್ ಇಡುವ ಬಗ್ಗೆ ನೋಡುತ್ತೇವೆ ಅಂದರು. @ರಾತ್ರಿಪಾಳಿ, ನಾನು ಬಿಡುವುದಿಲ್ಲ, ಪ್ರತಿ ವಾರ ಕೇಳುತ್ತೇನೆ. @ಗಾಲಿಕುರ್ಚಿಅಭಿಮಾನಿ, ಇಳಿಸುವ ಜಾಗಕ್ಕೆ ಒಪ್ಪಿದರು. ಕಾಯುವ ಸೂರಿಗೆ ಒಪ್ಪಲಿಲ್ಲ. ಜಾಗ ಇಲ್ಲ ಅನ್ನುವ ಉತ್ತರ. ನನಗೆ ಅದು ಸರಿ ಅನ್ನಿಸಲಿಲ್ಲ, ಅಲ್ಲೇ ಹೇಳಿದೆ. ಮುಂದಿನ ಸಭೆಗೆ ನೀವು ಫೋನಿನಲ್ಲಿ ಸೇರುತ್ತೀರಾ?

ಹಳದಿ ಜಾಕೆಟ್ ಹುಡುಗ ಸಭೆಗೆ ಬಂದಿದ್ದ. ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಮುಗಿದ ಮೇಲೆ ಹತ್ತಿರ ಬಂದು "ಅವರು ಹೇಗಿದ್ದಾರೆ?" ಅಂತ ಕೇಳಿದ. ಅವತ್ತು ರಾತ್ರಿ ನಿದ್ದೆ ಬರಲಿಲ್ಲವಂತೆ.

ಮುಂದಿನ ಪಂದ್ಯ ಶನಿವಾರ. ಅಪ್ಪನ ಡಯಾಲಿಸಿಸ್ ಕೂಡ ಅವತ್ತೇ. ಗಾಡಿ ನಂಬರ್ ಬರೆಸಿ ಬಂದಿದ್ದೇನೆ. ಅಪ್ಪನನ್ನು ತಂಗಿ ಕರೆತರುತ್ತಾಳೆ, ನಾನು ಎರಡನೇ ಗೇಟಿನಲ್ಲಿ ಇರುತ್ತೇನೆ. ಭಾನುವಾರ ಬಂದು ಬರೆಯುತ್ತೇನೆ.


ಹಳೇಮಾರ್ಷಲ್

ಮೊದಲ ಗೇಟ್ ಪೂರ್ತಿ ಮುಚ್ಚಿದ್ದನ್ನು ಕಣ್ಣಾರೆ ನೋಡಿದ ಮೇಲೇ ನಿಮ್ಮದು ತೆಗೆಯಿರಿ. ಗಾಡಿಯಲ್ಲಿ ಅಪ್ಪನೇ ಇದ್ದರೂ.